ಲೋಕಾಂಪ್‌ಗೆ ಹೊಳೆಯದೆ ಹೋದದ್ದು

ಹೆಲ್ಮಾರ್ ಲೋಕಾಂಪ್ ಮೀಸೆ ಮೂಡುವ ಮೊದಲೇ ಫೆಲ್ದರ್‌ಮನ್ ಕಾರ್ಖಾನೆಯ ಗೇಟು ದಾಟಿ ಒಳಗೆ ಹೋದವನು. ಮೀಸೆ ಪೂರ್ತಿ ನರೆತ ಮೇಲೂ ಅದೇ ಗೇಟಿನಲ್ಲಿ ಬೆಳಿಗ್ಗೆ ಒಳಗೆ, ಸಂಜೆ ಹೊರಗೆ. ವುಪ್ಪರ್ಟಾಲ್ ಊರಿನಲ್ಲಿ ಇಂಥವರಿಗೆ ಬರವಿಲ್ಲ. ಅಪ್ಪ ರಿಬ್ಬನ್ ನೇಯುವ ಮಗ್ಗದ ಮುಂದೆ ಜೀವ ಸವೆಸಿದ, ಮಗ ಲಕೋಟೆ ಯಂತ್ರದ ಮುಂದೆ, ಅಷ್ಟೇ ವ್ಯತ್ಯಾಸ. ಮೊದಲು ಅರ ಹಿಡಿದು ಕಬ್ಬಿಣ ಉಜ್ಜಿದ, ಆಮೇಲೆ ನಕ್ಷೆ ಬರೆಯಲು ಕಲಿತ, ಸಂಜೆ ಶಾಲೆಗೆ ಹೋಗಿ ಪರೀಕ್ಷೆ ಪಾಸು ಮಾಡಿ ಮೇಷ್ಟ್ರಾದ. ಕಸುಬನ್ನು ಪೂರ್ತಿ ಕಲಿತು ಇನ್ನೊಬ್ಬರಿಗೆ ಕಲಿಸುವ ಹಕ್ಕು ಪಡೆದವನನ್ನು ಆ ಕಡೆ ಮೇಷ್ಟ್ರು ಎಂದೇ ಕರೆಯುತ್ತಾರೆ. ಆ ಎರಡಕ್ಷರವನ್ನು ಗೋರಿಯ ಕಲ್ಲಿನ ಮೇಲೂ ಕೆತ್ತಿಸಿಕೊಳ್ಳುವವರಿದ್ದಾರೆ.

ಅವನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಮುಂದೆ ಓದುತ್ತ ಹೋದ ಹಾಗೆ ನಿಮಗೆ ಬೇರೆ ಥರ ಅನ್ನಿಸಬಹುದು. ಹೆಂಡತಿ ಮಾರ್ಲೀಸ್‌ಳ ಜೊತೆ ಸಂಸಾರ ನೆಟ್ಟಗೆ ನಡೆಸಿದ. ಕೆಲಸ ಕಲಿಯಲು ಬಂದವರಿಗೆ ಕೈ ಹಿಡಿದು ಕಲಿಸಿದ. ಯಾರ ಮೇಲೂ ಕೂಗಾಡಿದವನಲ್ಲ. ಅವನಿಗಿದ್ದ ರೋಗ ಒಂದೇ: ತನಗೆ ಗೊತ್ತಿಲ್ಲ ಎಂದು ಹೇಳಲು ಅವನ ನಾಲಿಗೆ ಏಳುತ್ತಿರಲಿಲ್ಲ.

ಆ ಕಾರ್ಖಾನೆಯ ಹೆಮ್ಮೆ ಎಂದರೆ ಒಂದು ಉದ್ದನೆಯ ಯಂತ್ರ. ನಾವೆಲ್ಲ ಲಕೋಟೆ ಮೊದಲು ತರುತ್ತೇವೆ, ಆಮೇಲೆ ಕಾಗದ ಅದರೊಳಗೆ ತುರುಕುತ್ತೇವೆ. ಈ ಯಂತ್ರ ಹಾಗಲ್ಲ. ದಿನಸಿ ಅಂಗಡಿಯವನು ಸಕ್ಕರೆಗೆ ಪೊಟ್ಟಣ ಕಟ್ಟುವ ಹಾಗೆ, ಬಿಚ್ಚಿಕೊಂಡು ಓಡುವ ಕಾಗದದ ಮೇಲೆ ಬ್ಯಾಂಕಿನ ಪತ್ರವನ್ನೋ ಕರೆಂಟು ಬಿಲ್ಲನ್ನೋ ಇಟ್ಟು, ಅದರ ಸುತ್ತಲೇ ಲಕೋಟೆ ಮಡಿಚಿ, ಅಂಟಿಸಿ, ಕತ್ತರಿಸಿ ಆಚೆ ಎಸೆಯುತ್ತದೆ. ನೋಡುತ್ತ ನಿಂತರೆ ಕಣ್ಣು ಕತ್ತಲೆ ಬರುವಷ್ಟು ವೇಗ. ಆದರೆ ಅದಕ್ಕೊಂದು ಹಳೆಯ ಪೀಡೆ ಅಂಟಿಕೊಂಡಿತ್ತು. ಕಾಗದ ಮಡಿಚಿಕೊಳ್ಳುವ ಗಳಿಗೆಯಲ್ಲಿ ಒಳಗಿನ ಪತ್ರ ಕೂದಲೆಳೆಯಷ್ಟು ಸರಿಯುತ್ತಿತ್ತು, ಸರಿದ ಪತ್ರದ ಮೂಲೆ ಅಂಟಿಗೆ ಸಿಕ್ಕಿಕೊಳ್ಳುತ್ತಿತ್ತು. ಲಕೋಟೆ ಒಡೆದವರು ಬಿಲ್ಲನ್ನೂ ಹರಿಯುತ್ತಿದ್ದರು. ಪತ್ರ ದಪ್ಪವಿದ್ದರಂತೂ ಯಂತ್ರವೇ ಕಟ್ಟಿಕೊಂಡು ನಿಲ್ಲುತ್ತಿತ್ತು. ಗಿರಾಕಿಗಳು ಫೋನ್ ಮಾಡಿ ಬೈಯುವುದು, ಇವರು ಕ್ಷಮೆ ಕೇಳುವುದು, ಇದು ವರ್ಷಗಟ್ಟಲೆ ನಡೆದಿತ್ತು.

ಯಜಮಾನ ಮುದುಕ ಫೆಲ್ದರ್‌ಮನ್ ಒಂದು ದಿನ ಲೋಕಾಂಪ್‌ನನ್ನು ಒಬ್ಬನನ್ನೇ ಕರೆದ. "ಈ ಮೂಲೆ ಕಾಟ ನೀವೇ ಬಿಡಿಸ್ಬೇಕು. ಯಾರಿಗೂ ಹೇಳ್ಬೇಡಿ, ಕೆಲ್ಸ ಮುಗಿದ ಮೇಲೆ ಶೆಡ್ಡಿನಲ್ಲಿ ಮಾಡಿ. ಓಡೋದನ್ನ ನನಗೆ ತೋರ್ಸಿ. ಓಡದೆ ಇರೋದನ್ನ ತೋರ್ಸೋದು ಬೇಡ" ಎಂದ.

ಆ ಮುದುಕನಿಗೆ ಸೋತ ಸಾಮಾನು ಕಣ್ಣಿಗೆ ಬಿದ್ದರೆ ಆಗುತ್ತಿರಲಿಲ್ಲ. ಪ್ರಯೋಗದ ಶೆಡ್ಡಿನಲ್ಲಿ ಕೆಲಸ ಮಾಡದ ತುಂಡು, ಬಾಗಿದ ಪಟ್ಟಿ, ಅವುಗಳ ನಕ್ಷೆ ಎಲ್ಲವನ್ನೂ ಶುಕ್ರವಾರ ಮಧ್ಯಾಹ್ನ ಕಬ್ಬಿಣದ ತೊಟ್ಟಿಗೆ ಸುರಿದುಬಿಡಬೇಕು, ಗುಜರಿ ಲಾರಿ ಬಂದು ಒಯ್ಯಬೇಕು. ಸೋಮವಾರ ಬೆಳಿಗ್ಗೆ ಶೆಡ್ಡು ಆಸ್ಪತ್ರೆಯ ಹಾಗೆ ಹೊಳೆಯಬೇಕು. ಇದು ಆ ಕಾರ್ಖಾನೆಯ ಕಟ್ಟಳೆ, ಅಲ್ಲಿಯವರಿಗೆ ಇದರ ಬಗ್ಗೆ ಜಂಬವೂ ಇತ್ತು. ತಾವು ಎಲ್ಲೆಲ್ಲಿ ಎಡವಿದೆವು ಎನ್ನುವುದನ್ನು ವಾರವಾರವೂ ತೊಳೆದುಕೊಂಡು ಬದುಕುವ ಜನ ಅವರು.

ಲೋಕಾಂಪ್ ಪತ್ರವನ್ನು ಹಿಡಿದಿಡಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಬ್ರಷ್ಷಿನಿಂದ ಒತ್ತಿ ನೋಡಿದ. ಕೆಳಗಿನಿಂದ ಗಾಳಿ ಎಳೆದು ನೋಡಿದ. ರಬ್ಬರಿನ ಬೆರಳು ಮಾಡಿಸಿದ, ಮೇಲೊಂದು ಬೆಲ್ಟು ಓಡಿಸಿದ. ಬಿಗಿಯಾಗಿ ಹಿಡಿದಷ್ಟೂ ಪತ್ರ ಸುಕ್ಕಾಯಿತು, ಸಡಿಲ ಬಿಟ್ಟಷ್ಟೂ ಸರಿಯಿತು. ಶುಕ್ರವಾರ ಬಂದಾಗಲೆಲ್ಲ ತನ್ನ ವಾರವನ್ನು ತಾನೇ ಎತ್ತಿ ತೊಟ್ಟಿಗೆ ಹಾಕಿದ. ಕೊನೆಗೆ ಮುದುಕ ಕೇಳುವುದನ್ನು ಬಿಟ್ಟ, ಇವನು ಹೇಳುವುದನ್ನು ಬಿಟ್ಟ. ಶೆಡ್ಡಿನಲ್ಲಿ ಜೊತೆಗಿದ್ದ ಫಿಟ್ಟರ್ ಕಾಯಿಲೆಯಿಂದ ಹೋದ. ಆಮೇಲೆ ಮುದುಕನೂ ಹೋದ. ಆ ಸೋಲು ಗೊತ್ತಿದ್ದವರಲ್ಲಿ ಉಳಿದದ್ದು ಲೋಕಾಂಪ್, ಅವನ ಜೊತೆ ಮಾರ್ಲೀಸ್, ಅಂಗಿಯ ತೋಳಿಗೆ ಮೆತ್ತಿದ ಅಂಟನ್ನು ತೊಳೆದವಳು ಅವಳೇ ತಾನೆ.

ಮುದುಕ ಇನ್ನೂ ಇದ್ದ ಕಾಲದಲ್ಲೇ ಕಾರ್ಖಾನೆಗೆ ಕಲಿಯಲು ಬಂದವಳು ಸಿಲ್ಕೆ ಹಾಕೆನ್‌ಬೆರ್ಗ್. ಬಸ್ ಚಾಲಕನ ಮಗಳು, ಎಡಗೈಯವಳು, ಮಾತು ಕಮ್ಮಿ. ಲೋಕಾಂಪ್‌ನ ಪಕ್ಕದ ಮೇಜಿನಲ್ಲಿ ಕೂತು ನಕ್ಷೆ ಕಲಿತಳು. ಅವಳ ಗೆರೆ ನೋಡಿ ಅವನಿಗೆ ಸಂತೋಷವಾಗುತ್ತಿತ್ತು. ಆದರೆ ಶೆಡ್ಡಿಗೆ ಹೆಂಗಸರು ಕಾಲಿಡುವುದು ಬೇಡ ಎಂದು ಮುದುಕ ಫೆಲ್ದರ್‌ಮನ್ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ. ನಕ್ಷೆ ಬರೆಯುತ್ತಲೇ ಮುದುಕಿಯಾಗಲು ಅವಳಿಗೆ ಇಷ್ಟವಿರಲಿಲ್ಲ. ವಾರೆನ್‌ಡೋರ್ಫ್ ಕಡೆಯ ಒಂದು ಪುಟ್ಟ ಕಂಪನಿ ಕರೆಯಿತು, ಹೋದಳು. ಹೋಗುವ ದಿನ ಎಲ್ಲರಿಗೂ ಆಪಲ್ ಕೇಕ್ ಮಾಡಿ ತಂದಿದ್ದಳು.

ಅಲ್ಲಿ ಹೋಗಿ ಅವಳು ಆ ಮೂಲೆಯ ಪೀಡೆಯನ್ನು ಬಿಡಿಸಿದಳು. ಹೇಗೆ ಎಂದರೆ, ಪತ್ರವನ್ನು ಹಿಡಿದುಕೊಳ್ಳುವ ಯೋಚನೆಯನ್ನೇ ಬಿಟ್ಟಳು. ಪತ್ರ ಬೀಳುವ ಮೊದಲೇ ಓಡುವ ಕಾಗದದ ಎರಡೂ ಅಂಚುಗಳನ್ನು ಸ್ವಲ್ಪ ಎಬ್ಬಿಸಿದಳು. ಮರದಿಂದ ಉದುರುವ ಹಣ್ಣಿಗೆ ಮಡಿಲೊಡ್ಡುವವರು ಸೆರಗಿನ ಅಂಚನ್ನು ಮೊದಲು ಎತ್ತಿ ಹಿಡಿಯುವುದಿಲ್ಲವೆ, ಹಾಗೆ. ಪತ್ರ ಆ ಮಡಿಲಿಗೆ ಬಂದು ಬಿದ್ದರೆ ಸರಿಯಲು ಜಾಗವೇ ಇಲ್ಲ. ಅವಳ ಕಂಪನಿ ಅದಕ್ಕೆ ಪೇಟೆಂಟ್ ಮಾಡಿಸಿತು. ಕಾಗದದ ಮೇಲೆ ಕಂಪನಿಯ ಹೆಸರು, ಕೆಳಗೆ ಕಂಡುಹಿಡಿದವಳು ಎಂದು ಸಿಲ್ಕೆಯ ಹೆಸರು.

ಆ ಪೇಟೆಂಟಿನ ಸುದ್ದಿ ಫೆಲ್ದರ್‌ಮನ್ ಕಾರ್ಖಾನೆಗೆ ಬಂದ ದಿನ ಅಲ್ಲಿ ಯಾರದೋ ಹುಟ್ಟುಹಬ್ಬ. ಹುಟ್ಟುಹಬ್ಬದವನೇ ಖರ್ಚು ಮಾಡಿ, ಹಸಿ ಹಂದಿ ಕೈಮ ಹಚ್ಚಿ ಮೇಲೆ ಈರುಳ್ಳಿ ಉದುರಿಸಿದ ಬನ್ನು ತಂದು, ಬೆಳಗಿನ ವಿರಾಮದಲ್ಲಿ ಎಲ್ಲರಿಗೂ ತಿನ್ನಿಸುವುದು ಅಲ್ಲಿಯ ಪದ್ಧತಿ. ನಕ್ಷೆ ವಿಭಾಗದವರೆಲ್ಲ ಬನ್ನು ಹಿಡಿದು ಸಿಲ್ಕೆಯ ಚಿತ್ರದ ಸುತ್ತ ನಿಂತಿದ್ದರು.

"ನಮ್ ಮೇಷ್ಟ್ರ ಶಿಷ್ಯೆ ಮೇಷ್ಟ್ರನ್ನೇ ಮೀರ್ಸಿಬಿಟ್ಳಲ್ಲ" ಎಂದ ಒಬ್ಬ.

"ಮೇಷ್ಟ್ರಿಗೆ ಯಾಕೆ ಹೊಳೀಲಿಲ್ವೋ ಇದು" ಎಂದ ಇನ್ನೊಬ್ಬ, ಈರುಳ್ಳಿ ಅಗಿಯುತ್ತ. ತಮಾಷೆಗೆ ಹೇಳಿದ್ದು. ಅವರಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ.

ಲೋಕಾಂಪ್ ಚಿತ್ರ ನೋಡುತ್ತಲೇ ಇದ್ದ.  ಇಷ್ಟೇನಾ. ಇಷ್ಟೇ ಆಗಿತ್ತಾ. ಹಿಡಿದುಕೋ, ಹಿಡಿದುಕೋ ಎಂದು ಅಷ್ಟು ವರ್ಷ ಒದ್ದಾಡಿದವನಿಗೆ, ಬಿಟ್ಟುಬಿಡು ಎನ್ನುವ ಒಂದು ಮಾತು ತಲೆಗೆ ಬರಲಿಲ್ಲವಲ್ಲ.  ಆಗ ಅವನ ಬಾಯಿಂದ ಬಂದ ಮಾತು ಇದು: "ಇದೇನು ಮಹಾ. ನನಗೆ ಯಾವತ್ತೋ ಹೊಳೆದಿತ್ತು. ಮುದುಕ ಬೇಡ ಅಂದ, ಬಿಟ್ಟೆ."

ಎಲ್ಲರೂ ತಲೆಯಾಡಿಸಿದರು. ಮೇಷ್ಟ್ರು ಹೇಳಿದರೆ ಹಾಗೇ ಇರಬೇಕು. ಲೋಕಾಂಪ್ ಇನ್ನೊಂದು ಬನ್ನು ತೆಗೆದುಕೊಂಡ. ಬನ್ನಿನ ಜೊತೆಗೆ ಮುಗಿಯಬೇಕಾಗಿದ್ದ ಮಾತು ಅಲ್ಲಿಗೆ ಮುಗಿದಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ.

ಆದರೆ ಮಾತಿಗೆ ಕಾಲು ಬರುತ್ತದೆ. ಅದು ಮಹಡಿ ಹತ್ತಿ ಹೊಸ ಯಜಮಾನರ ಕೋಣೆಗೆ ಹೋಯಿತು, ಅಲ್ಲಿಂದ ಮ್ಯೂನಿಕ್ ಊರಿನ ಪೇಟೆಂಟ್ ವಕೀಲ ಡಾಕ್ಟರ್ ಕ್ಯೋಸ್ಟರ್‌ನ ಕಿವಿಗೆ. ಸಿಲ್ಕೆಯ ಪೇಟೆಂಟ್ ಉಳಿದರೆ ಫೆಲ್ದರ್‌ಮನ್‌ನವರು ಆ ಥರದ ಯಂತ್ರ ಮಾಡುವಂತಿಲ್ಲ. ಆದ್ದರಿಂದ ಅದನ್ನು ಕೆಡವಲೇಬೇಕೆಂದು ಆಕ್ಷೇಪಣೆ ಹಾಕಿದ್ದರು. ಕ್ಯೋಸ್ಟರ್ ವುಪ್ಪರ್ಟಾಲಿಗೇ ಬಂದು ಲೋಕಾಂಪ್‌ನ ಎದುರು ಕೂತ. ನಯವಾದ ಮನುಷ್ಯ, ಮಾತಾಡುವಾಗ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದ.

"ಹೊಸದು ಅಂದ್ರೆ ಸಾಲ್ದು ಲೋಕಾಂಪ್ ಅವ್ರೆ. ಆ ಕಸುಬಿನಲ್ಲಿರೋ ಸಾಧಾರಣ ಮನುಷ್ಯನಿಗೆ ಅದು ತಾನಾಗೇ ಹೊಳೆಯೋ ಹಾಗಿದ್ರೆ ಪೇಟೆಂಟ್ ಬಿದ್ದುಹೋಗುತ್ತೆ."

"ಸಾಧಾರಣ ಮನುಷ್ಯ ಅಂದ್ರೆ ಯಾರು?"

"ಅಂಥವನು ಎಲ್ಲೂ ಇಲ್ಲ, ಕಾನೂನು ಮಾಡ್ಕೊಂಡಿರೋ ಮನುಷ್ಯ. ತನ್ನ ಕಸುಬು ಪೂರ್ತಿ ಗೊತ್ತು, ಓದಬೇಕಾದ್ದೆಲ್ಲ ಓದಿರ್ತಾನೆ, ಕೈ ಚೆನ್ನಾಗಿದೆ. ಆದ್ರೆ ಪಾಪ, ಹೊಸದು ಏನೂ ತಲೆಗೆ ಬರಲ್ಲ."

ಕ್ಯೋಸ್ಟರ್ ನಗುತ್ತಿದ್ದ. ಲೋಕಾಂಪ್‌ಗೆ ನಗು ಬರಲಿಲ್ಲ. ಎಲ್ಲೂ ಇಲ್ಲ ಎಂದ ಮನುಷ್ಯ ತನ್ನ ಕುರ್ಚಿಯಲ್ಲೇ ಕೂತಿದ್ದಾನೆ ಎಂದು ಅವನಿಗೆ ಅನ್ನಿಸಿತು. ಕಸುಬು ಪೂರ್ತಿ ಗೊತ್ತು, ಕೈ ಚೆನ್ನಾಗಿದೆ, ತಲೆಗೆ ಏನೂ ಬರುವುದಿಲ್ಲ. ಇಡೀ ಜೀವಮಾನದಲ್ಲಿ ಯಾರೂ ಅವನನ್ನು ಇಷ್ಟು ಸರಿಯಾಗಿ ಅಳೆದಿರಲಿಲ್ಲ.

"ಚಾಕೊಲೇಟ್ ಸುತ್ತೋ ಹಳೇ ಯಂತ್ರವೊಂದು ಸಿಕ್ಕಿದೆ, ಅದರಲ್ಲೂ ಅಂಚು ಮೊದ್ಲು ಏಳುತ್ತೆ" ಎಂದ ವಕೀಲ. "ಲಕೋಟೆ ಮಾಡೋನು ಅದನ್ನ ನೋಡಿ ತನ್ನ ಯಂತ್ರಕ್ಕೆ ತಂದೇ ತರ್ತಿದ್ದ ಅಂತ ತೋರ್ಸಬೇಕು. ನಿಮಗೆ ಹೊಳೆದಿತ್ತಂತಲ್ಲ, ಅದೇ ನಮಗೆ ಬಲ. ಒಂದೇ ಒಂದು ಪ್ರಶ್ನೆ. ನಿಮ್ಮಲ್ಲಿ ಯಾರಾದ್ರೂ ಈ ಮೂಲೆ ಕಾಟಕ್ಕೆ ಪರಿಹಾರ ಹುಡುಕಿ ಸೋತಿದ್ರಾ? ಹಾಗಿದ್ರೆ ಈಗ್ಲೇ ಹೇಳ್ಬಿಡಿ. ಬಲ್ಲವರು ಹುಡುಕಿ ಹುಡುಕಿ ಸೋತಿದ್ರು ಅಂದ್ರೆ ಅದು ಸುಲಭದ್ದಲ್ಲ ಅಂತಾಯ್ತು, ಕೇಸು ನಿಲ್ಲಲ್ಲ, ನಾನು ವಾಪಸ್ ತಗೊಳ್ಳಿ ಅಂತೀನಿ."

ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು. ಸೋತಿದ್ದೆ ಎನ್ನುವ ಒಂದು ಮಾತು ಸಾಕಾಗಿತ್ತು.

"ಇಲ್ಲ" ಎಂದ ಲೋಕಾಂಪ್. "ಯಾರೂ ಪ್ರಯತ್ನ ಪಟ್ಟಿಲ್ಲ."

ಮಾರ್ಲೀಸ್‌ಗೆ ಅವನು ಇದನ್ನು ಪೂರ್ತಿ ಹೇಳಲಿಲ್ಲ, ಲಕೋಟೆಯ ಮೂಲೆಗೆ ಸಿಲ್ಕೆ ಮಾಡಿಸಿದ ಪೇಟೆಂಟಿನ ವಿಷಯವಾಗಿ ಮ್ಯೂನಿಕ್‌ಗೆ ಹೋಗಬೇಕಾಗಿದೆ ಎಂದಷ್ಟೇ ಹೇಳಿದ. ಅವಳು ಆಲೂಗಡ್ಡೆ ತುರಿಯುತ್ತಿದ್ದಳು, ಕರಿದ ರೊಟ್ಟಿಗೆ. ಕೇಳುತ್ತ ಕೇಳುತ್ತ ಕೈ ನಿಲ್ಲಿಸಿದಳು.

"ಆ ಮೂಲೆ ಮೂಲೆ ಅಂತ ನೀನು ಊಟ ತಿಂಡಿ ಬಿಟ್ಟಿದ್ದೆಯಲ್ಲ, ಅದೇನಾ?"

"ಅದೇ."

"ಸಿಲ್ಕೆ ಕಂಡುಹಿಡಿದ್ಳಾ? ಆಪಲ್ ಕೇಕ್ ತಂದಿದ್ಳಲ್ಲ, ಅವಳಾ?" ಮಾರ್ಲೀಸ್‌ಳ ಮುಖ ಅರಳಿತು. "ಒಳ್ಳೇದಾಯ್ತು ಬಿಡು. ನಿನ್ನ ಕೈ ಕೆಳಗೆ ಕಲಿತವಳು. ಹಾಗಾದ್ರೆ ನೀನು ಯಾಕೆ ಮ್ಯೂನಿಕ್‌ಗೆ?"

"ಅದು ಸುಲಭ ಅಂತ ಹೇಳೋಕೆ."

ಅವಳು ತುರಿಯುವ ಮಣೆಯನ್ನು ಪಕ್ಕಕ್ಕಿಟ್ಟಳು. "ಸುಲಭವಾಗಿತ್ತಾ ಹೆಲ್ಮಾರ್?"

ಅವನು ಸೂಟು ಇಸ್ತ್ರಿ ಆಗಿದೆಯಾ ಎಂದು ಕೇಳಿದ. ಆಗಿದೆ ಎಂದಳು. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ, ರೊಟ್ಟಿ ಕರಿದಳು, ಆಪಲ್ ಗೊಜ್ಜು ಬಡಿಸಿದಳು, ಎಂದಿನ ಹಾಗೆ ಎದುರು ಕೂತಳು. ಅವನ ಮುಖ ಮಾತ್ರ ನೋಡಲಿಲ್ಲ. ನಾಚಿಕೆ ಎನ್ನುವುದು ಅವನ ಮನೆಯ ಊಟದ ಮೇಜಿಗೆ ಬಂದು ಕೂತದ್ದು ಅವತ್ತಿನಿಂದ.

ಮ್ಯೂನಿಕ್‌ನ ಪೇಟೆಂಟ್ ಕಚೇರಿಯ ವಿಚಾರಣೆಯ ಕೋಣೆಯಲ್ಲಿ ಗದ್ದಲವಿಲ್ಲ, ಕಪ್ಪು ನಿಲುವಂಗಿ ಇಲ್ಲ. ಒಂದು ಕಡೆ ಮೂವರು ಅಧಿಕಾರಿಗಳು, ಎದುರಿಗೆ ಎರಡು ಪಕ್ಷ, ನಡುವೆ ನೀರಿನ ಬಾಟಲಿಗಳು. ಆ ಕಡೆ ಸಿಲ್ಕೆ ಕೂತಿದ್ದಳು, ಕೂದಲು ಬೆಳ್ಳಗಾಗತೊಡಗಿತ್ತು. ಲೋಕಾಂಪ್‌ನನ್ನು ಕಂಡ ಕೂಡಲೇ ಎದ್ದು ಬಂದು ಕೈ ಕುಲುಕಿದಳು.

"ಚೆನ್ನಾಗಿದೀರಾ ಮೇಷ್ಟ್ರೆ? ಮಾರ್ಲೀಸ್ ಅವ್ರು?"

"ಚೆನ್ನಾಗಿದಾಳೆ. ನಿನ್ನ ಕೇಳಿದ್ಳು." ಅಷ್ಟು ಹೇಳಿ ಅವನು ತನ್ನ ಬ್ಯಾಗಿನ ಜಿಪ್ಪು ಹುಡುಕತೊಡಗಿದ.

ಬೆಳಿಗ್ಗೆಯೆಲ್ಲ ವಕೀಲರ ಜಗ್ಗಾಟ. ಚಾಕೊಲೇಟ್ ಯಂತ್ರದ ಚಿತ್ರ ಎದುರಿಗಿಟ್ಟು, ಇದನ್ನೂ ಹಳೆಯ ಲಕೋಟೆ ಯಂತ್ರವನ್ನೂ ಜೋಡಿಸಿದರೆ ಸಿಲ್ಕೆಯದು ತಾನಾಗಿ ಬಂತು ಎಂದು ಕ್ಯೋಸ್ಟರ್ ಎಂದ. ಜೋಡಿಸುವ ಬುದ್ಧಿ ಯಾರಿಗೆ ಬಂತು ಹೇಳಿ ಎಂದು ಸಿಲ್ಕೆಯ ವಕೀಲ, ಸಣಕಲು ದೇಹದ ಚುರುಕು ಮನುಷ್ಯ, ಎದುರು ಹೇಳಿದ. ಆಗ ಲೋಕಾಂಪ್‌ಗೆ ಮಾತಾಡಲು ಅಪ್ಪಣೆಯಾಯಿತು. ಕಾರ್ಖಾನೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದನ್ನು ಅವನು ಒಪ್ಪಿಸಿದ.

"ಅಷ್ಟು ಸುಲಭ ಅಂತೀರಿ" ಎಂದ ಸಣಕಲು ವಕೀಲ. "ಮತ್ತೆ ನಿಮ್ಮ ಕಾರ್ಖಾನೆ ಯಾಕೆ ಮಾಡ್ಲಿಲ್ಲ?"

"ನಾನು ಹೇಳಿದ್ದೆ. ಹಳೇ ಯಜಮಾನ್ರು ಬೇಡ ಅಂದ್ರು."

"ಅವರನ್ನ ಕೇಳಬಹುದಾ?"

"ತೀರಿಕೊಂಡ್ರು."

"ಪ್ರಯೋಗ ಏನಾದ್ರೂ ಮಾಡಿದ್ರಾ? ನಕ್ಷೆ, ತುಂಡು, ಏನಾದ್ರೂ ಇದೆಯಾ?"

"ನಮ್ಮಲ್ಲಿ ಬೇಡದ್ದನ್ನೆಲ್ಲ ಶುಕ್ರವಾರ ಗುಜರಿಗೆ ಹಾಕ್ತೀವಿ."

"ಅದು ನಿಜ" ಎಂದಳು ಸಿಲ್ಕೆ ತನ್ನ ವಕೀಲನಿಗೆ, ಮೆಲ್ಲಗೆ. ಆ ಕೋಣೆಯಲ್ಲಿ ಅವನ ಪರವಾಗಿ ಸಾಕ್ಷಿ ಹೇಳಿದವಳು ಅವಳೊಬ್ಬಳೇ. ಸತ್ತವನ ತಲೆಗೆ ಕಟ್ಟಿದ ಸುಳ್ಳಿಗೆ ಬದುಕಿರುವವಳು ಆಧಾರ ಕೊಟ್ಟಳು. 

ಮೂವರಲ್ಲಿ ನಡುವೆ ಕೂತ ಅಧ್ಯಕ್ಷೆ ಕನ್ನಡಕ ತೆಗೆದಿಟ್ಟಳು. ದನಿಯಲ್ಲಿ ಕಾಠಿಣ್ಯವಿರಲಿಲ್ಲ. "ಲೋಕಾಂಪ್ ಅವ್ರೆ, ಹೊಳೆಯಬಹುದಿತ್ತು ಅನ್ನೋದು ಬೇರೆ. ಹೊಳೆದೇ ಹೊಳೀತಿತ್ತು ಅನ್ನೋದು ಬೇರೆ. ಮೊದಲನೇದು ನಮಗೆ ಸಾಲಲ್ಲ. ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಲು ಅವನು ತಲೆ ಎತ್ತಿದ, ಎದುರಿಗೆ ಸಿಲ್ಕೆ. ಅವಳು ಸಿಟ್ಟಿನಿಂದ ನೋಡುತ್ತಿದ್ದರೆ ಅವನಿಗೆ ಧೈರ್ಯ ಬರುತ್ತಿತ್ತೇನೋ. ಅವಳು ನೋಡುತ್ತಿದ್ದದ್ದು ಹಿಂದೆ ನಕ್ಷೆಯನ್ನು ಅವನ ಮುಂದಿಟ್ಟು ಸರಿಯಾ ತಪ್ಪಾ ಎಂದು ಕಾಯುತ್ತಿದ್ದ ಹಾಗೆ. ಅವನು ಏನು ಹೇಳಿದರೂ ಒಪ್ಪುವ ಕಣ್ಣು. ಆ ಕಣ್ಣಿನ ಮುಂದೆ, ನನಗೆ ಬರಲಿಲ್ಲ, ನಿನಗೆ ಬಂತು ಎಂದು ಹೇಳುವುದು ಅವನ ಕೈಲಾಗಲಿಲ್ಲ.

"ಹೊಳೆದೇ ಹೊಳೀತಿತ್ತು" ಎಂದ. "ನನಗೆ ಹೊಳೆದಿತ್ತು."

ಸಿಲ್ಕೆ ಕಣ್ಣು ಕೆಳಗೆ ಮಾಡಿದಳು. ಎಲ್ಲರನ್ನೂ ಹೊರಗೆ ಕಳಿಸಿ ಮೂವರೂ ಮಾತಾಡಿಕೊಂಡರು, ಮತ್ತೆ ಒಳಗೆ ಕರೆದರು, ಪೇಟೆಂಟ್ ರದ್ದಾಗಿದೆ ಎಂದು ಅಧ್ಯಕ್ಷೆ ಓದಿದಳು. ಕ್ಯೋಸ್ಟರ್ ಲೋಕಾಂಪ್‌ನ ಬೆನ್ನು ತಟ್ಟಿ, "ಗೆದ್ವಿ. ನಿಮ್ಮಿಂದ್ಲೇ" ಎಂದ. ಊಟಕ್ಕೆ ಕರೆದ. ಲೋಕಾಂಪ್ ರೈಲಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿದ. ಸುಳ್ಳು ಈಗ ನಾಲಿಗೆಯ ತುದಿಯಲ್ಲೇ ಇತ್ತು, ಹುಡುಕಬೇಕಾಗಿರಲಿಲ್ಲ.

ರೈಲು ಊರು ಬಿಟ್ಟು, ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಯ ಕಂಬಗಳು ಕಿಟಕಿಯಲ್ಲಿ ಓಡತೊಡಗಿದ ಮೇಲೆ ಯಾರೋ ಬಂದು ಅವನ ಮೇಜಿನ ಮೇಲೆ ಕಾಫಿಯ ಎರಡು ಲೋಟ ಇಟ್ಟರು.

"ಇಲ್ಲಿ ಜಾಗ ಇದೆಯಾ ಮೇಷ್ಟ್ರೆ?"

ಭೂಮಿ ಬಾಯಿ ಬಿಡಬಾರದೆ ಎಂದು ಅನ್ನಿಸಿತು ಅವನಿಗೆ. ಅವಳೂ ಹೋಗಬೇಕಾದದ್ದು ಅದೇ ದಾರಿ, ಅವನ ಊರು ದಾಟಿ ಇನ್ನೂ ಮುಂದೆ. ಕೂತಳು. ಹಾಲು ಹಾಕದ ಕಾಫಿ ಅವನಿಗೆ ಎಂಬುದು ಅವಳಿಗೆ ಇನ್ನೂ ನೆನಪಿತ್ತು.

"ನನಗೇನೂ ಕೋಪ ಇಲ್ಲ" ಎಂದಳು. "ಅದಕ್ಕೇ ಬಂದೆ. ನೀವು ಮುಖ ಮುಚ್ಕೊಂಡು ಹೋದ್ರಲ್ಲ, ಬೇಜಾರು ಮಾಡ್ಕೊಂಡಿದೀರಿ ಅನ್ನಿಸ್ತು."

"ಸಿಲ್ಕೆ..."

"ನಿಜ ಹೇಳ್ಬೇಕು ಅಂದ್ರೆ ನನಗೂ ಒಳಗೊಳಗೇ ಅನುಮಾನ ಇತ್ತು. ಇಷ್ಟು ಸಲೀಸು ಇರೋದು ಬೇರೆಯವರಿಗೆ ಹೊಳೀದೆ ಇರುತ್ತಾ ಅಂತ. ಆದ್ರೂ ಜಂಬ ಪಟ್ಟೆ ನೋಡಿ. ಪೇಟೆಂಟ್ ಕಾಗದಕ್ಕೆ ಕಟ್ಟು ಹಾಕ್ಸಿ ಗೋಡೆಗೆ ತಗುಲಿ ಹಾಕಿದೀನಿ. ನಮ್ಮಮ್ಮ ಬಂದೋರಿಗೆಲ್ಲ ತೋರ್ಸ್ತಾಳೆ. ಹೋಗಿ ತೆಗೀಬೇಕು." ಅವಳು ನಕ್ಕಳು. "ನನ್ನ ತಲೇಲೂ ಏನೋ ಒಂದು ಇದೆ ಅಂದ್ಕೊಂಡಿದ್ದೆ."

ಅವಳ ಆ ನಗು ನೋಡಿ ಅವನಿಗೆ ತಡೆಯಲಾಗಲಿಲ್ಲ. "ತೆಗೀಬೇಡ. ನಿಮ್ಮ ಕಂಪನಿಯೋರು ಮೇಲ್ಮನವಿ ಹಾಕ್ಬಹುದು. ಹಾಕಿ."

"ನಮ್ಮ ಯಜಮಾನ್ರೂ ಅದೇ ಅಂದ್ರು, ಆಗ್ಲೇ ಫೋನ್ ಮಾಡಿದ್ದೆ. ನಾನೇ ಬೇಡ ಅಂದೆ."

"ಯಾಕೆ?"

"ನಿಮ್ಮ ಕಡೆ ವಕೀಲ ಹೇಳಿದ್ರೆ ನಾನು ನಂಬ್ತಿರ್ಲಿಲ್ಲ. ನೀವು ಹೇಳಿದ್ರಲ್ಲ. ಲೋಕಾಂಪ್ ಮೇಷ್ಟ್ರು ಹೊಳೆದಿತ್ತು ಅಂದ್ರೆ ಹೊಳೆದಿತ್ತು, ಸುಮ್ನೆ ಅದಕ್ಕೆ ದುಡ್ಡು ಸುರೀಬೇಡಿ ಅಂದೆ. ಅವರೂ ಸರಿ ಅಂದ್ರು."

ಲೋಕಾಂಪ್ ಲೋಟ ಕೆಳಗಿಟ್ಟ. ಗೊತ್ತಿಲ್ಲ ಎನ್ನಲು ಎಂದೂ ಏಳದ ನಾಲಿಗೆ ಆಗ ಎದ್ದಿತು. "ನಾನು ಸುಳ್ಳು ಹೇಳ್ದೆ ಸಿಲ್ಕೆ. ನನಗೆ ಹೊಳೀಲಿಲ್ಲ. ವರ್ಷಗಟ್ಲೆ ಒದ್ದಾಡಿದೀನಿ. ನೀನು ನನ್ನ ಪಕ್ಕದ ಮೇಜಲ್ಲಿ ಕೂತಿದ್ದಾಗ್ಲೂ ಸಂಜೆ ಶೆಡ್ಡಿಗೆ ಹೋಗಿ ಅದನ್ನೇ ಮಾಡ್ತಿದ್ದೆ. ಆಗ್ಲಿಲ್ಲ. ಮುದುಕ ಬೇಡ ಅನ್ನಲಿಲ್ಲ. ಮಾಡು ಮಾಡು ಅಂದ, ನನ್ನ ಕೈಲಾಗ್ಲಿಲ್ಲ."

ಅವಳು ಅವನನ್ನೇ ನೋಡಿದಳು. ಮುಖದಲ್ಲಿ ಒಂದು ಗಳಿಗೆ ಏನೋ ಸುಳಿಯಿತು. "ಏನೇನು ಮಾಡಿದ್ರಿ?" ಎಂದು ಕೇಳಿದಳು.

ಅವನು ಆತುರದಿಂದ ಹೇಳತೊಡಗಿದ. ಬ್ರಷ್ಷು ಅಂದ. ಗಾಳಿ ಎಳೆಯುವುದು, ರಬ್ಬರಿನ ಬೆರಳು, ಮೇಲಿನ ಬೆಲ್ಟು ಅಂದ. ಅವನು ಹೇಳುತ್ತ ಹೋದ ಹಾಗೆ ಅವಳ ಮುಖ ಮೆತ್ತಗಾಗಿ, ಮೊದಲಿನ ಹಾಗೆಯೇ ಆಯಿತು.

"ಅವೆಲ್ಲ ನಮ್ಮಲ್ಲೂ ಹೇಳ್ತಾರೆ ಮೇಷ್ಟ್ರೆ. ಲಕೋಟೆ ಯಂತ್ರ ನೋಡಿದೋರು ಯಾರು ಬೇಕಾದ್ರೂ ಹೇಳ್ತಾರೆ." ಮೇಜಿನ ಮೇಲಿದ್ದ ಅವನ ಕೈಯನ್ನು ಮುಟ್ಟಿದಳು. "ನನ್ನ ಮೊದಲ್ನೇ ನಕ್ಷೆ ನೆನಪಿದೆಯಾ? ಅಳತೆ ಎಲ್ಲ ತಿರುಗುಮುರುಗು ಹಾಕಿ, ಒಂದು ಉಕ್ಕಿನ ತುಂಡೇ ಹಾಳಾಗಿತ್ತು. ಅತ್ತುಬಿಟ್ಟೆ. ನೀವು ಬಂದು, ಅಳ್ಬೇಡ, ನಾನೂ ಮೊದಲ್ನೇ ವರ್ಷ ಇದೇ ತಪ್ಪು ಮಾಡಿದ್ದೆ ಅಂದ್ರಿ. ಎಷ್ಟು ಸಮಾಧಾನ ಆಯ್ತು ಗೊತ್ತಾ. ಆಮೇಲೆ ಒಂದಿನ ಉಳಿದೋರ ಹತ್ರ ಮಾತಾಡ್ತಾ ಇದ್ವಿ. ಅವರು ಏನೇನು ಹಾಳು ಮಾಡಿದ್ರೋ, ಅದನ್ನೆಲ್ಲ ನೀವೂ ಮಾಡಿದ್ರಂತೆ. ನಾವು ನಕ್ಕಿದ್ದೇ ನಕ್ಕಿದ್ದು. ಅಷ್ಟೊಂದು ತಪ್ಪು ಒಬ್ಬರೇ ಮಾಡೋಕೆ ಆಗುತ್ತಾ?"

 ಹೌದು, ಹೇಳುತ್ತಿದ್ದ. ಅಳುವವರನ್ನು ಕಂಡರೆ ಹೇಳುತ್ತಿದ್ದ, ಆ ತಪ್ಪುಗಳಲ್ಲಿ ಒಂದನ್ನೂ ಅವನು ಮಾಡಿರಲಿಲ್ಲ.

"ಇದು ಹಾಗಲ್ಲ" ಎಂದ. ದನಿ ಕೀರಲಾಯಿತು. "ಇದು ಸಮಾಧಾನಕ್ಕೆ ಹೇಳ್ತಿರೋದಲ್ಲ. ಮಾರ್ಲೀಸ್‌ನ ಕೇಳು."

"ಅವರೂ ನಿಮ್ಮ ಹಾಗೇ. ಹೌದು ಅಂತಾರೆ." ಅವಳು ಕಾಫಿಗೆ ಸಕ್ಕರೆ ಹಾಕಿ ಕಲಕಿದಳು. ಆಮೇಲೆ ತನ್ನ ಮನೆಯ ವಿಷಯ ಹೇಳಿದಳು, ತೋಟದಲ್ಲಿ ನೆಟ್ಟ ಗೂಸ್‌ಬೆರಿ ಹಣ್ಣಿನ ಗಿಡದ ವಿಷಯ, ಅಮ್ಮನ ಮಂಡಿ ನೋವಿನ ವಿಷಯ. ಇನ್ನು ಎರಡು ವರ್ಷ ಕೆಲಸ ಮಾಡಿ ಬಿಟ್ಟುಬಿಡುತ್ತೇನೆ, ಅಲ್ಲಿಯ ತನಕ ಹೊಸದು ಮಾಡುವವರು ಮಾಡಲಿ, ನಾನು ನಕ್ಷೆ ತಿದ್ದಿಕೊಂಡಿರುತ್ತೇನೆ ಎಂದಳು. ದುಃಖದಿಂದ ಹೇಳಲಿಲ್ಲ. ತನ್ನ ಅಳತೆ ಇಷ್ಟೇ ಎಂದು ಗೊತ್ತಾದವರು ಹೇಳುವ ಹಾಗೆ ಹೇಳಿದಳು, ಅದನ್ನು ಕೇಳುತ್ತ ಲೋಕಾಂಪ್ ಕಿಟಕಿಯ ಕಡೆ ತಿರುಗಿ ಕೂತ. ಆ ಅಳತೆ ತನ್ನದು. ತನ್ನ ಮೈಗೆ ಹೊಲಿದ ಅಂಗಿಯನ್ನು ಬಿಚ್ಚಿ ಇವಳಿಗೆ ತೊಡಿಸಿ ಕೂತಿದ್ದೇನೆ ಎಂದು ಅವನಿಗೆ ಗೊತ್ತಿತ್ತು.

ಕಲೋನ್ ದಾಟಿತು. ಅವನು ತನ್ನ ಊರಿನ ಹೆಸರು ಕೂಗಿದಾಗ ಎದ್ದು ಕೋಟು ಹಾಕಿಕೊಂಡ, ಒಂದು ತೋಳು ಸಿಗದೆ ತಡಕಾಡಿದ. ಅವಳು ಎದ್ದು ತೋಳು ಹಿಡಿದುಕೊಟ್ಟಳು, ಬ್ಯಾಗು ಇಳಿಸಿಕೊಟ್ಟಳು, ಬಾಗಿಲ ತನಕ ಬಂದಳು.

"ನಾನು ಬರೆದು ಸಹಿ ಹಾಕಿ ಕೊಡ್ತೀನಿ" ಎಂದ ಅವನು, ರೈಲು ನಿಲ್ಲುತ್ತಿರುವಾಗ. "ಸೋತಿದ್ದೆ ಅಂತ, ನಿನ್ನ ವಕೀಲರಿಗೆ. ನಾಳೇನೇ ಬರೀತೀನಿ. ನೀನು ಮೇಲ್ಮನವಿ ಹಾಕು. ನಿನ್ನ ಕಾಲಿಗೆ ಬೀಳ್ತೀನಿ."

ಸಿಲ್ಕೆಯ ಕಣ್ಣು ಒದ್ದೆಯಾದವು. ಅವನ ಕೋಟಿನ ಕಾಲರನ್ನು ಸರಿ ಮಾಡಿದಳು.

"ನನಗೋಸ್ಕರ ಸುಳ್ಳು ಬರೆಯೋದು ಬೇಡ ಮೇಷ್ಟ್ರೆ" ಎಂದಳು. "ಈ ವಯಸ್ಸಲ್ಲಿ ನಿಮ್ಮ ಹೆಸರು ಯಾಕೆ ಕೆಡಿಸ್ಕೋತೀರಿ."

ಹಿಂದಿನವರು ನೂಕಿದರು, ಅವನು ಇಳಿದ. ಬಾಗಿಲು ಮುಚ್ಚಿತು, ಗಾಜಿನ ಆಚೆಯಿಂದ ಅವಳು ಕೈ ಬೀಸಿದಳು. ಅವನ ಹೆಸರು ಎಲ್ಲಿಯೂ ಕೆಟ್ಟಿರಲಿಲ್ಲ.